ಕೋಕಾ ಎಲೆಯಿಂದ ಕೊಕೇನ್ ಪುಡಿಯವರೆಗೆ: ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಕೆಲಸ ಮಾಡಿ, ಈಗ ಕಾರವಾರದಲ್ಲಿ ನೆಲೆಸಿದವನು. ದಕ್ಷಿಣ ಅಮೆರಿಕದ ಬಂದರುಗಳನ್ನು ನೋಡಿದವನು ಅಂತ ಕೊಕೇನ್ ಬಗ್ಗೆ ನನ್ನನ್ನು ಕೇಳುವವರು ಜಾಸ್ತಿ. ಹಡಗು ಸೇರಲು ಹೊರಟ ಹುಡುಗರು ಕೇಳುತ್ತಾರೆ. ಬೈತಖೋಲದ ಬೋಟಿನವರು, ಗೋಕರ್ಣದಲ್ಲಿ ಹೋಮ್‌ಸ್ಟೇ ನಡೆಸುವವರು ಕೇಳುತ್ತಾರೆ. ಶಿರಸಿಯ ಕಾಲೇಜುಗಳಿಗೆ ಮಾತಾಡಲು ಹೋದರೆ ಮಕ್ಕಳು ಚೀಟಿ ಕಳಿಸುತ್ತಾರೆ. ಕೆಲವು ತಾಯಂದಿರು ಪತ್ರ ಬರೆಯುತ್ತಾರೆ. ಈ ವ್ಯಾಪಾರದ ಲಾಭವೆಲ್ಲ ನಡುವೆ ನಿಂತವರಿಗೆ ಹೋಗುತ್ತದೆ. ಜೈಲು ಮತ್ತು ಸಾವು ಸಿಗುವುದು ಎಲೆ ಕೀಳುವವನಿಗೆ, ಹೊತ್ತು ಸಾಗಿಸುವವನಿಗೆ, ಚಟಕ್ಕೆ ಬಿದ್ದವನಿಗೆ. ನಮ್ಮ ಊರಿನ ಹುಡುಗರು ಇದರಲ್ಲಿ ಸಿಕ್ಕಿಬಿದ್ದರೆ ಹೊರುವವರಾಗಿಯೇ ಸಿಕ್ಕಿಬೀಳುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

ನಮ್ಮ ತೋಟದಲ್ಲಿ ಅಡಿಕೆ ಮಧ್ಯೆ ಕೋಕೋ ಗಿಡ ಹಾಕಿದ್ದೇವೆ. ಕೊಕೇನ್ ಮಾಡುವುದು ಅದರಿಂದಲೇನಾ?

ಅಲ್ಲ, ಹೆದರಬೇಡಿ. ನಿಮ್ಮ ತೋಟದಲ್ಲಿರುವುದು ಚಾಕೊಲೇಟಿನ ಗಿಡ. ಅದರ ಕಾಂಡಕ್ಕೇ ಅಂಟಿಕೊಂಡು ದೊಡ್ಡ ಕಾಯಿ ಬಿಡುತ್ತದೆ. ಕೊಕೇನ್ ಬರುವುದು ಕೋಕಾ ಎಂಬ ಬೇರೆಯೇ ಪೊದೆಯ ಎಲೆಯಿಂದ. ಎರಡಕ್ಕೂ ಯಾವ ನಂಟೂ ಇಲ್ಲ. ಕೋಕೋ ಬೆಳೆಯಲು ಯಾರ ಅನುಮತಿಯೂ ಬೇಡ. ಕೋಕಾ ಬೆಳೆಯುವುದಕ್ಕೆ ಮಾತ್ರ ನಮ್ಮ ದೇಶದ ಮಾದಕವಸ್ತು ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 10 ವರ್ಷದವರೆಗೆ ಜೈಲು ಇದೆ.

ಹಾಗಾದರೆ ಕೋಕಾ ಬೆಳೆಯುವುದು ಎಲ್ಲಿ?

ಹೆಚ್ಚುಕಮ್ಮಿ ಎಲ್ಲವೂ ಮೂರೇ ದೇಶಗಳಲ್ಲಿ: ಕೊಲಂಬಿಯಾ, ಪೆರು, ಬೊಲಿವಿಯಾ. ಆಂಡಿಸ್ ಪರ್ವತದ ಬೆಚ್ಚಗಿನ, ತೇವದ ಇಳಿಜಾರು ಅದರ ಜಾಗ. ಕೊಲಂಬಿಯಾದಲ್ಲಿ ಕಟಟುಂಬೊ, ನರಿನೊ, ಪುಟುಮಾಯೊ, ಕೌಕಾ. ಪೆರುವಿನಲ್ಲಿ ವ್ರಾಎಂ ಎಂದು ಕರೆಯುವ ನದಿ ಕಣಿವೆಗಳು. ಬೊಲಿವಿಯಾದಲ್ಲಿ ಯುಂಗಾಸ್ ಮತ್ತು ಚಪಾರೆ.

ಬೇರೆ ಕಡೆ ಮಣ್ಣು ಒಗ್ಗುವುದಿಲ್ಲ ಅಂತಲ್ಲ. 20ನೇ ಶತಮಾನದ ಆರಂಭದಲ್ಲಿ ಡಚ್ಚರು ಜಾವಾ ದ್ವೀಪದಲ್ಲಿ ದೊಡ್ಡ ಪ್ರಮಾಣದಲ್ಲಿ ಕೋಕಾ ಬೆಳೆದು ಯುರೋಪಿನ ಔಷಧ ಕಂಪನಿಗಳಿಗೆ ಮಾರಿದ್ದರು. ಇವತ್ತು ಅದು ಆಂಡಿಸ್‌ನಲ್ಲಿ ಉಳಿದಿರುವುದಕ್ಕೆ ಕಾರಣಗಳು ಬೇರೆ. ಅಲ್ಲಿ ಶತಮಾನಗಳ ರೂಢಿ ಇದೆ. ರಸ್ತೆ, ಶಾಲೆ, ಪೊಲೀಸ್ ಠಾಣೆ ತಲುಪದ ಜಾಗಗಳಿವೆ. ಆ ಜಾಗಗಳನ್ನು ಹಿಡಿತದಲ್ಲಿ ಇಟ್ಟುಕೊಂಡ ಬಂದೂಕುಧಾರಿ ಗುಂಪುಗಳಿವೆ.

ಅಲ್ಲಿಯ ಜನ ಎಲೆಯನ್ನೇ ಬಾಯಲ್ಲಿ ಹಾಕಿಕೊಂಡಿರುತ್ತಾರಂತೆ. ಅವರೆಲ್ಲ ಅಮಲಿನಲ್ಲಿ ಇರುತ್ತಾರಾ?

ಇಲ್ಲ. ನಮ್ಮಲ್ಲಿ ಕವಳ ಹಾಕುವ ಹಾಗೆ ಅಂದುಕೊಳ್ಳಿ. ಒಣಗಿದ ಎಲೆಯನ್ನು ದವಡೆಯ ಒಂದು ಬದಿಗೆ ಒತ್ತಿಟ್ಟುಕೊಳ್ಳುತ್ತಾರೆ. ಜೊತೆಗೆ ಸುಣ್ಣವನ್ನೋ ಗಿಡದ ಬೂದಿಯನ್ನೋ ಸ್ವಲ್ಪ ಸೇರಿಸುತ್ತಾರೆ. ರಸ ನಿಧಾನ ಇಳಿಯುತ್ತದೆ. ಹಸಿವು, ದಣಿವು ಕಡಿಮೆಯಾಗುತ್ತದೆ. ಎತ್ತರದ ಜಾಗದಲ್ಲಿ ಬರುವ ತಲೆಸುತ್ತಿಗೆ ಅದರ ಚಹಾ ಕುಡಿಯುವುದೂ ಉಂಟು. ಕೆಚುವಾ, ಐಮಾರಾ ಜನರಿಗೆ ಅದು ಪೂಜೆಗೂ ಬೇಕು, ಮದುವೆ ಮಾತುಕತೆಗೂ ಬೇಕು, ಗದ್ದೆ ಕೆಲಸಕ್ಕೂ ಬೇಕು.

ಒಣ ಎಲೆಯಲ್ಲಿ ಕೊಕೇನ್ ಇರುವುದು ಸುಮಾರು ಅರ್ಧದಿಂದ ಒಂದು ಪರ್ಸೆಂಟ್. ಪುಡಿ ಅಂದರೆ ಆ ಒಂದನ್ನೇ ನೂರು ಪಾಲು ಗಟ್ಟಿಗೊಳಿಸಿದ್ದು. ಎಲೆ ಜಗಿಯುವ ರೈತನನ್ನೂ ಪುಡಿ ಎಳೆಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಅನ್ಯಾಯ ಅನಿಸುತ್ತದೆ. 1961ರ ವಿಶ್ವಸಂಸ್ಥೆಯ ಒಪ್ಪಂದ ಮಾಡಿದ್ದು ಅದನ್ನೇ. ಎಲೆ ಜಗಿಯುವುದನ್ನು 25 ವರ್ಷದೊಳಗೆ ನಿಲ್ಲಿಸಬೇಕು ಅಂತ ಅದರಲ್ಲಿ ಬರೆದಿದ್ದರು.

ಹಲ್ಲು ಕೀಳುವಾಗ ಡಾಕ್ಟರು ಕೊಡುವ ಇಂಜೆಕ್ಷನ್ ಕೊಕೇನ್ ಅಂತ ಅಜ್ಜ ಹೇಳುತ್ತಿದ್ದರು. ನಿಜವಾ?

ಅಜ್ಜ ಹೇಳಿದ್ದರಲ್ಲಿ ಹಳೆಯ ಸತ್ಯ ಇದೆ. 1860ರ ಹೊತ್ತಿಗೆ ಜರ್ಮನಿಯ ಆಲ್ಬರ್ಟ್ ನೀಮನ್ ಎಲೆಯಿಂದ ಕೊಕೇನ್ ಬೇರ್ಪಡಿಸಿದ. 1884ರಲ್ಲಿ ವಿಯೆನ್ನಾದ ಕಣ್ಣಿನ ವೈದ್ಯ ಕಾರ್ಲ್ ಕೋಲರ್ ಅದರ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ತೋರಿಸಿದ. ಅಲ್ಲಿಯವರೆಗೆ ಎಚ್ಚರವಿರುವ ರೋಗಿಯ ಕಣ್ಣಿಗೆ ಕತ್ತರಿ ಹಾಕುವುದು ನರಕವಾಗಿತ್ತು. ಕೊಕೇನ್ ಜಗತ್ತಿನ ಮೊದಲ ಸ್ಥಳೀಯ ಅರಿವಳಿಕೆ. ಆಮೇಲೆ ಚಟ ಹಿಡಿಸದ ಪ್ರೊಕೇನ್ 1905ರಲ್ಲಿ ಬಂತು. ಈಗ ದಂತವೈದ್ಯರು ಹೆಚ್ಚಾಗಿ ಬಳಸುವುದು ಲಿಡೊಕೇನ್. ಅದರಲ್ಲಿ ಕೊಕೇನ್ ಇಲ್ಲ. ನಿಶ್ಚಿಂತೆಯಿಂದ ಹಲ್ಲು ತೋರಿಸಿ.

ಕೋಕಾ-ಕೋಲಾದಲ್ಲಿ ಇತ್ತು ಅನ್ನುವುದು?

ಇತ್ತು. 1886ರಲ್ಲಿ ಅಟ್ಲಾಂಟಾದಲ್ಲಿ ಜಾನ್ ಪೆಂಬರ್ಟನ್ ಅದನ್ನು ತಯಾರಿಸಿದಾಗ ಕೋಕಾ ಎಲೆಯ ಸಾರ ಸೇರಿಸಿದ್ದ. 1903ರ ಹೊತ್ತಿಗೆ ಕೊಕೇನ್ ತೆಗೆದ ಎಲೆಗೆ ಬದಲಾಯಿಸಿದರು.

ನಮ್ಮ ದೇಶಕ್ಕೆ ಇದು ಈಗೀಗ ಬಂದದ್ದಲ್ವಾ?

ಇಲ್ಲ, ಒಮ್ಮೆ ಬಂದು ಹೋಗಿದೆ. 1900ರ ಆಸುಪಾಸಿನಲ್ಲಿ ಕಲ್ಕತ್ತಾ, ಬಾಂಬೆಯ ಬೀದಿಗಳಲ್ಲಿ ಪಾನ್ ಒಳಗೆ ಕೊಕೇನ್ ಇಟ್ಟು ಮಾರುತ್ತಿದ್ದರು. ಮಾಲು ಯುರೋಪಿನ ಕಾರ್ಖಾನೆಗಳಿಂದ ಹಡಗಿನಲ್ಲಿ ಕಳ್ಳತನದಿಂದ ಬರುತ್ತಿತ್ತು. ಬ್ರಿಟಿಷ್ ಸರ್ಕಾರ ಒಂದಾದ ಮೇಲೊಂದು ನಿರ್ಬಂಧ ಹಾಕಿತು. 1930ರಲ್ಲಿ ಅಪಾಯಕಾರಿ ಔಷಧಿಗಳ ಕಾಯ್ದೆ ಬಂತು. ಆ ಕಾಲದಲ್ಲಿ ಇದನ್ನು ತಿನ್ನುತ್ತಿದ್ದವರಲ್ಲಿ ಬಡ ಕೂಲಿಗಳೂ ಇದ್ದರು. ಕೊಕೇನ್ ಸಿರಿವಂತರ ಪಾರ್ಟಿ ವಸ್ತು ಅನ್ನುವ ಕಲ್ಪನೆ ಇತ್ತೀಚಿನದು.

## ಗಿಡದಿಂದ ಪುಡಿಗೆ

ಇಷ್ಟು ದುಬಾರಿ ಮಾಲು ಬೆಳೆಯುವ ರೈತ ಕೋಟ್ಯಧಿಪತಿ ಆಗಿರಬೇಕಲ್ವಾ?

ಪ್ರತಿ ಕಾಲೇಜಿನಲ್ಲೂ ಈ ಪ್ರಶ್ನೆ ಬರುತ್ತದೆ. ಉತ್ತರ: ಇಲ್ಲವೇ ಇಲ್ಲ.

ಕೊಲಂಬಿಯಾದಲ್ಲಿ ಎಲೆ ಕೀಳುವ ಕೂಲಿಗೆ ರಾಸ್ಪಾಚಿನ್ ಅನ್ನುತ್ತಾರೆ. ಕೊಂಬೆಯನ್ನು ಬುಡದಿಂದ ತುದಿಗೆ ಕೈಯಲ್ಲಿ ಎಳೆದು ಎಲೆ ಉದುರಿಸಬೇಕು. ಬೆರಳು ಸುಲಿಯದ ಹಾಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿರುತ್ತಾರೆ. ಕೂಲಿ ತೂಕದ ಲೆಕ್ಕ. ಹನ್ನೆರಡೂವರೆ ಕಿಲೋ ಎಲೆಗೆ ಇಷ್ಟು ಅಂತ. ಹೆಂಗಸರು, ಹದಿಹರೆಯದ ಮಕ್ಕಳು, ವೆನೆಜುವೆಲಾದಿಂದ ಓಡಿಬಂದವರು ಈ ಕೆಲಸದಲ್ಲಿದ್ದಾರೆ.

ರೈತ ಕೋಕಾ ಹಾಕುವುದು ದುರಾಸೆಯಿಂದ ಅಂತ ತಿಳಿಯಬೇಡಿ. ಗಿಡ ನೆಟ್ಟು ಒಂದೆರಡು ವರ್ಷಕ್ಕೆ ಎಲೆ ಬರುತ್ತದೆ. ಆಮೇಲೆ ವರ್ಷಕ್ಕೆ ಮೂರ್ನಾಲ್ಕು ಕೊಯ್ಲು, ಕೆಲವು ಕಡೆ ಆರು. ಬಾಳೆಯನ್ನೋ ಅನಾನಸನ್ನೋ ಬೆಳೆದರೆ ದೋಣಿ, ಹೇಸರಗತ್ತೆ ಅಂತ ಸಾಗಿಸುವಷ್ಟರಲ್ಲಿ ಕೊಳೆತು ಹೋಗುತ್ತದೆ. ಕೋಕಾ ಆದರೆ ಖರೀದಿದಾರ ಹೊಲದ ಅಂಚಿಗೇ ನಗದು ಹಿಡಿದು ಬರುತ್ತಾನೆ. ಆದರೆ ದರ ಗೊತ್ತುಮಾಡುವವನು ಅವನೇ, ಅವನ ಬೆನ್ನ ಹಿಂದಿರುವ ಬಂದೂಕಿನವರೇ. 2022-23ರಲ್ಲಿ ಕೊಲಂಬಿಯಾದ ಹಲವು ಕಡೆ ಎಲೆಯ ದರ ಕುಸಿಯಿತು. ಕೊಳ್ಳುವವರೇ ಬರಲಿಲ್ಲ. ಊರಿಗೆ ಊರೇ ಅಕ್ಕಿ, ಎಣ್ಣೆಗೆ ಪರದಾಡಿತು. ಅದೇ ಸಮಯದಲ್ಲಿ ಯುರೋಪಿನ ಬಂದರುಗಳಲ್ಲಿ ದಾಖಲೆ ಪ್ರಮಾಣದ ಮಾಲು ಸಿಗುತ್ತಿತ್ತು.

ಎಲೆ ಪುಡಿಯಾಗುವುದು ಹೇಗೆ?

ತಯಾರಿಸುವ ವಿವರ ಇಲ್ಲಿ ಬೇಡ. ಹಂತ ಮಾತ್ರ ಹೇಳುತ್ತೇನೆ. ಹೊಲದ ಹತ್ತಿರದ ತಗಡಿನ ಗುಡಿಸಲಲ್ಲಿ ಎಲೆಯನ್ನು ಕೊಚ್ಚಿ, ರಾಸಾಯನಿಕಗಳಲ್ಲಿ ನೆನೆಸಿ, ಮೊದಲು ಜಿಗುಟಾದ ಪೇಸ್ಟ್ ಮಾಡುತ್ತಾರೆ. ಕಾಡಿನೊಳಗಿನ ದೊಡ್ಡ ಲ್ಯಾಬ್‌ಗಳಲ್ಲಿ ಅದು ಬಿಳಿ ಪುಡಿಯಾಗುತ್ತದೆ. ಒಂದು ಕಿಲೋ ಪುಡಿಗೆ ನೂರಾರು ಕಿಲೋ ಎಲೆ ಬೇಕು. ಬಳಸಿದ ಪೆಟ್ರೋಲು, ಆಮ್ಲ, ಸಿಮೆಂಟಿನ ರಾಡಿ ಹತ್ತಿರದ ಹಳ್ಳಕ್ಕೆ ಹೋಗುತ್ತದೆ. ಹೊಸ ಹೊಲಕ್ಕಾಗಿ ಅಮೆಜಾನ್ ಅಂಚಿನ ಕಾಡು ಬೀಳುತ್ತದೆ. ಕಾಡು, ಹೊಳೆಗಾಗಿ ಹೋರಾಡಿದ ಜಿಲ್ಲೆ ನಮ್ಮದು. ಈ ನಷ್ಟದ ಬಗ್ಗೆ ಯಾರೂ ಕೇಳುವುದೇ ಇಲ್ಲ ಅನ್ನುವುದು ನನಗೆ ಬೇಸರ.

ಒಂದು ಕಿಲೋಗೆ ಎಷ್ಟು ಸಿಗುತ್ತದೆ? ಯಾರಿಗೆ ಎಷ್ಟು?

ಅಂದಾಜು ಹೀಗಿದೆ. ಕೊಲಂಬಿಯಾದ ಒಳಗೆ ಒಂದು ಕಿಲೋ ಪುಡಿಗೆ ಒಂದೆರಡು ಸಾವಿರ ಡಾಲರ್. ಅಮೆರಿಕ ಅಥವಾ ಯುರೋಪ್ ತಲುಪುವಾಗ ಸಗಟು ಬೆಲೆ 25-30 ಸಾವಿರ ಡಾಲರ್ ಆಸುಪಾಸು, ಏರಿಳಿತ ಇದ್ದೇ ಇದೆ. ಆಸ್ಟ್ರೇಲಿಯಾದಲ್ಲಿ ಲಕ್ಷ ಡಾಲರ್ ದಾಟಿದ್ದೂ ಉಂಟು. ಅಲ್ಲಿಂದ ಕಲಬೆರಕೆ ಮಾಡಿ ಗ್ರಾಂ ಲೆಕ್ಕದಲ್ಲಿ ಮಾರುವಾಗ ಮತ್ತೆ ಬೆಲೆ ಏರುತ್ತದೆ. ಪುಡಿ ಮೊದಲಿನದ್ದೇ. ಬೆಲೆ ಏರಿಸುವುದು ದೂರ, ಲಂಚ ಮತ್ತು ಸಿಕ್ಕಿಬೀಳುವ ಭಯ.

ಇದೆಲ್ಲ ಕಳ್ಳ ವ್ಯವಹಾರ. ಎಷ್ಟು ತಯಾರಾಗುತ್ತದೆ ಅಂತ ಲೆಕ್ಕ ಹೇಗೆ ಸಿಗುತ್ತದೆ?

ಉಪಗ್ರಹದ ಚಿತ್ರದಲ್ಲಿ ಹೊಲ ಅಳೆಯುತ್ತಾರೆ. ಎಕರೆಗೆ ಎಷ್ಟು ಎಲೆ, ಎಲೆಗೆ ಎಷ್ಟು ಪುಡಿ ಎಂದು ಸ್ಥಳದಲ್ಲೇ ಸಮೀಕ್ಷೆ ಮಾಡುತ್ತಾರೆ. ವಿಶ್ವಸಂಸ್ಥೆಯ ಮಾದಕವಸ್ತು ಕಚೇರಿಯ ಪ್ರಕಾರ 2023ರಲ್ಲಿ ಜಗತ್ತಿನ ಉತ್ಪಾದನೆ ಸುಮಾರು 3,708 ಟನ್. ಹಿಂದಿನ ವರ್ಷಕ್ಕಿಂತ 34 ಪರ್ಸೆಂಟ್ ಜಾಸ್ತಿ. ಅದೇ ವರ್ಷ ಕೊಲಂಬಿಯಾ ಒಂದರಲ್ಲೇ 2,53,000 ಹೆಕ್ಟೇರ್ ಕೋಕಾ ಇತ್ತು. ಸೇವಿಸುವವರು 2013ರಲ್ಲಿ 1.7 ಕೋಟಿ ಇದ್ದದ್ದು 2023ಕ್ಕೆ 2.5 ಕೋಟಿ ಆಯಿತು. ಯುರೋಪಿನ ನಗರಗಳಲ್ಲಿ ಚರಂಡಿ ನೀರನ್ನೇ ಪರೀಕ್ಷೆ ಮಾಡುತ್ತಾರೆ. ದೇಹದಿಂದ ಹೊರಬಂದ ಅಂಶ ಅಳೆದರೆ ಊರು ಎಷ್ಟು ಸೇವಿಸಿತು ಅಂತ ಗೊತ್ತಾಗುತ್ತದೆ.

ಭಾರತದ ಲೆಕ್ಕ ಬೇಕಾದರೆ, ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಇದೆ. ಕೊಕೇನ್ ಬಳಸುವವರು ಜನಸಂಖ್ಯೆಯ 0.10 ಪರ್ಸೆಂಟ್, ಸುಮಾರು 10.7 ಲಕ್ಷ. ಮದ್ಯ ಕುಡಿಯುವವರು 16 ಕೋಟಿ.

## ಕಡಲ ದಾರಿ

ಎಸ್ಕೋಬಾರ್ ಸತ್ತು ಎಷ್ಟೋ ವರ್ಷ ಆಯಿತು. ಈಗ ಯಾರು ನಡೆಸುತ್ತಾರೆ?

ಕೊಲಂಬಿಯಾದ ಕೊಕೇನ್ ದೊರೆ ಪಾಬ್ಲೊ ಎಸ್ಕೋಬಾರ್‌ನನ್ನು ಕೊಂದದ್ದು 1993ರ ಡಿಸೆಂಬರ್ 2ರಂದು. ಅದೇ ದೇಶದ ಕಾಲಿ ನಗರದ ಗುಂಪಿನ ಅಣ್ಣತಮ್ಮಂದಿರನ್ನು 1995ರಲ್ಲಿ ಹಿಡಿದರು. ಮೆಕ್ಸಿಕೋದ ಕಳ್ಳಸಾಗಣೆ ಮುಖಂಡ ಗುಸ್ಮನ್‌ಗೆ 2019ರಲ್ಲಿ ಅಮೆರಿಕದಲ್ಲಿ ಜೀವಾವಧಿ ಆಯಿತು. ಪ್ರತಿ ಸಲವೂ ಪತ್ರಿಕೆಗಳು ಕಥೆ ಮುಗಿಯಿತು ಅಂದವು. ಉತ್ಪಾದನೆ ಏರಿತು.

ಈಗ ಒಬ್ಬ ದೊರೆ ಇಲ್ಲ. ಎಲೆ ಕೊಳ್ಳುವವರು ಬೇರೆ, ಕಾಡಿನ ದಾರಿ ಕಾಯುವವರು ಬೇರೆ, ಬಂದರಿನಲ್ಲಿ ಕಂಟೇನರ್ ತೆರೆಯುವವರು ಬೇರೆ, ಯುರೋಪಿನಲ್ಲಿ ಎತ್ತಿಕೊಳ್ಳುವವರು ಬೇರೆ. ಬ್ರೆಜಿಲ್‌ನ ಪಿಸಿಸಿ, ಇಟಲಿಯ ಎನ್‌ದ್ರಾಂಗೆಟಾ, ಬಾಲ್ಕನ್ ದೇಶಗಳ ಗುಂಪುಗಳು, ಮೆಕ್ಸಿಕೋದವರು, ಎಲ್ಲರೂ ಗುತ್ತಿಗೆಯ ಹಾಗೆ ಪಾಲು ಹಾಕಿಕೊಳ್ಳುತ್ತಾರೆ. ಒಬ್ಬನನ್ನು ಹಿಡಿದರೆ ಆ ತುಂಡಿಗೆ ಇನ್ನೊಬ್ಬ ಬರುತ್ತಾನೆ.

ಹಡಗಿನಲ್ಲಿ ಅಷ್ಟು ಮಾಲು ಹೇಗೆ ಹೋಗುತ್ತದೆ? ಕ್ಯಾಪ್ಟನ್‌ಗೆ ಗೊತ್ತಿರುವುದಿಲ್ಲವಾ?

ಹೆಚ್ಚಿನ ಸಲ ಗೊತ್ತಿರುವುದಿಲ್ಲ. ಒಂದು ಕಂಟೇನರ್ ಹಡಗಿನಲ್ಲಿ ಸಾವಿರಾರು ಪೆಟ್ಟಿಗೆ ಇರುತ್ತವೆ. ಬಾಳೆಹಣ್ಣು, ಮರದ ದಿಮ್ಮಿ ತುಂಬಿದ ಪೆಟ್ಟಿಗೆಯ ಸೀಲು ಒಡೆದು, ಚೀಲ ಎಸೆದು, ನಕಲಿ ಸೀಲು ಹಾಕುವ ಕೆಲಸ ಬಂದರಿನ ಅಂಗಳದಲ್ಲೇ ಮುಗಿದಿರುತ್ತದೆ. ಸರಕಿನ ಮಾಲೀಕನಿಗೂ ಸುಳಿವು ಇರುವುದಿಲ್ಲ. ಇನ್ನೊಂದು ವಿಧಾನದಲ್ಲಿ ಹಡಗಿನ ಅಡಿಗೇ ಮಾಲು ಕಟ್ಟುತ್ತಾರೆ. ಎಂಜಿನ್ ತಣ್ಣಗಾಗಿಸಲು ಸಮುದ್ರದ ನೀರು ಒಳಗೆ ಬರುವ ಜಾಗಕ್ಕೆ ನಾವು ಸೀ ಚೆಸ್ಟ್ ಅನ್ನುತ್ತೇವೆ. ಮುಳುಗುಗಾರರು ಅಲ್ಲಿಗೆ ಬರುತ್ತಾರೆ. ಅರೆಮುಳುಗು ದೋಣಿಗಳೂ ಇವೆ. 2019ರ ನವೆಂಬರ್‌ನಲ್ಲಿ ಅಂಥದೊಂದು ಅಟ್ಲಾಂಟಿಕ್ ದಾಟಿ ಸ್ಪೇನಿನ ಗಲಿಸಿಯಾ ತೀರದಲ್ಲಿ ಸಿಕ್ಕಿತು, ಸುಮಾರು 3 ಟನ್ ಮಾಲಿನ ಜೊತೆ.

ಸಿಬ್ಬಂದಿಯೇ ಸೇರಿಕೊಂಡ ಪ್ರಕರಣಗಳೂ ಇವೆ. 2019ರ ಜೂನ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಂಎಸ್‌ಸಿ ಗಯಾನೆ ಹಡಗಿನಲ್ಲಿ ಸುಮಾರು 18 ಟನ್ ಸಿಕ್ಕಿತು. ನಡು ಸಮುದ್ರದಲ್ಲಿ ರಾತ್ರಿ ಹೊತ್ತು ವೇಗದ ದೋಣಿಗಳಿಂದ ಮಾಲು ಎತ್ತಿ ಹಡಗಿಗೆ ಹಾಕಿಕೊಂಡಿದ್ದರು. ಹಲವು ಸಿಬ್ಬಂದಿ ಜೈಲಿಗೆ ಹೋದರು.

ಮಾಮ, ನಾನು ಮುಂದಿನ ತಿಂಗಳು ಹಡಗು ಸೇರುತ್ತಿದ್ದೇನೆ. ಯಾವುದಕ್ಕೆ ಎಚ್ಚರ ಇರಬೇಕು?

ಮೊದಲು ನಿನ್ನನ್ನು ಕಳಿಸುವ ಏಜೆಂಟನ ಆರ್‌ಪಿಎಸ್‌ಎಲ್ ನಂಬರ್ ಕೇಳು. ಅದು ಶಿಪ್ಪಿಂಗ್ ಮಹಾನಿರ್ದೇಶನಾಲಯ ಕೊಡುವ ಪರವಾನಗಿ. ಅವರ ವೆಬ್‌ಸೈಟಿನಲ್ಲೇ ಹೋಲಿಸಿ ನೋಡು. ಪರವಾನಗಿ ಇಲ್ಲದ ಏಜೆಂಟ್ ಹತ್ತಿಸಿದ ಹಡಗಿನಲ್ಲಿ ತೊಂದರೆಯಾದರೆ ನಿನ್ನ ಪರ ಮಾತಾಡಲು ಯಾರೂ ಇರುವುದಿಲ್ಲ.

ಹಡಗಿನಲ್ಲಿ ನಿನ್ನ ಕ್ಯಾಬಿನ್ ಬೀಗ ಹಾಕಿಯೇ ಇಡು. ದಕ್ಷಿಣ ಅಮೆರಿಕದ ಬಂದರಿನಲ್ಲಿ ಕಾವಲಿನ ಪಾಳಿ (ವಾಚ್) ಬಂದರೆ ಹಡಗು ಹತ್ತುವ ಮೆಟ್ಟಿಲಿನ, ಅಂದರೆ ಗ್ಯಾಂಗ್‌ವೇ ದಾಖಲೆ ಸರಿಯಾಗಿ ಬರೆ. ಯಾರು ಬಂದರು, ಎಷ್ಟು ಹೊತ್ತಿಗೆ, ಎಷ್ಟು ಚೀಲ. ಹಡಗಿನ ಪಕ್ಕ ಗುಳ್ಳೆ ಎದ್ದರೆ, ಸಣ್ಣ ದೋಣಿ ಸುತ್ತಿದರೆ, ಸೀಲಿನ ನಂಬರ್ ಬೇರೆ ಕಂಡರೆ ಕೂಡಲೇ ಮೇಲಿನವರಿಗೆ ಹೇಳಿ ಲಾಗ್‌ನಲ್ಲಿ ಬರೆಸು. ಹಡಗಿನಡಿ ಮಾಲು ಸಿಕ್ಕಾಗ ಇಡೀ ಸಿಬ್ಬಂದಿಯನ್ನು ತಿಂಗಳುಗಟ್ಟಲೆ ತಡೆದಿಟ್ಟ ಬಂದರುಗಳಿವೆ. ಆಗ ನಿನ್ನನ್ನು ಕಾಪಾಡುವುದು ಆ ಬರಹ ಒಂದೇ. ಮಾಲು ಕಣ್ಣಿಗೆ ಬಿದ್ದರೆ ಮುಟ್ಟಬೇಡ, ಸರಿಸಬೇಡ.

ದುಡ್ಡಿನ ಆಸೆ ತೋರಿಸಿ ಬರುವವರು ಮೊದಲು ಸಣ್ಣ ಉಪಕಾರ ಕೇಳುತ್ತಾರೆ. ಒಂದು ಬಾಗಿಲು ತೆರೆದಿಡು, ಹಡಗಿನ ವೇಳಾಪಟ್ಟಿ ಕಳಿಸು, ಇಷ್ಟೇ. ಒಮ್ಮೆ ಮಾಡಿದರೆ ಆಮೇಲೆ ಬಿಡುವುದಿಲ್ಲ, ತಮ್ಮ. ಮನೆಯ ವಿಳಾಸ ಅವರ ಹತ್ತಿರ ಇರುತ್ತದೆ.

ಈಕ್ವೆಡಾರ್‌ನಲ್ಲಿ ಕೋಕಾ ಬೆಳೆಯುವುದೇ ಇಲ್ಲವಂತೆ. ಅಲ್ಲಿ ಯಾಕೆ ಅಷ್ಟು ಕೊಲೆ?

ಅದು ಎರಡು ದೊಡ್ಡ ಬೆಳೆಗಾರ ದೇಶಗಳ ಮಧ್ಯೆ ಇದೆ. ಜಗತ್ತಿಗೆ ಅತಿ ಹೆಚ್ಚು ಬಾಳೆಹಣ್ಣು ಕಳಿಸುವ ದೇಶ. ಬೇಗ ಕೆಡುವ ಹಣ್ಣು ಅಂತ ಬಂದರಿನಲ್ಲಿ ಜಾಸ್ತಿ ತಡೆಯುವುದಿಲ್ಲ. ಅಲ್ಲಿಯ ಹಣವೂ ಅಮೆರಿಕದ ಡಾಲರೇ. ಕಳ್ಳಸಾಗಣೆಗೆ ಇದಕ್ಕಿಂತ ಅನುಕೂಲ ಬೇಕಾ? ಗ್ವಾಯಾಕಿಲ್ ಬಂದರಿನ ಹಿಡಿತಕ್ಕಾಗಿ ಗುಂಪುಗಳು ಬಡಿದಾಡಿದವು. 2019ರಲ್ಲಿ ಲಕ್ಷ ಜನಕ್ಕೆ ಸುಮಾರು 7 ಕೊಲೆ ಆಗುತ್ತಿದ್ದ ದೇಶದಲ್ಲಿ 2023ಕ್ಕೆ ಅದು 40 ದಾಟಿತು. ಆ ವರ್ಷ ಆಗಸ್ಟ್‌ನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಫರ್ನಾಂಡೊ ವಿಲ್ಲಾವಿಸೆನ್ಸಿಯೊ ಅವರನ್ನು ಗುಂಡಿಟ್ಟು ಕೊಂದರು. ಬಂದರು ಇರುವ ಯಾವ ಊರೂ ಇದನ್ನು ದೂರದ ಸುದ್ದಿ ಅಂತ ಓದಬಾರದು.

## ನಮ್ಮ ದಂಡೆ, ನಮ್ಮ ಮನೆ

ಕಾರವಾರ ಬಂದರಿನಿಂದ ಕೊಕೇನ್ ಬರುತ್ತದಾ?

ಕಾರವಾರದಲ್ಲಿ ಡಾಂಬರು, ಎಣ್ಣೆ, ಬಿಡಿ ಸರಕಿನ ಹಡಗುಗಳು ಬರುತ್ತವೆ. ಇದು ಕಂಟೇನರ್ ಬಂದರಲ್ಲ. ಕೊಕೇನ್ ದೊಡ್ಡ ಪ್ರಮಾಣದಲ್ಲಿ ಓಡಾಡುವುದು ಕಂಟೇನರ್‌ನಲ್ಲಿ. ಭಾರತದಲ್ಲಿ ಸಿಕ್ಕಿದ್ದೂ ಹಾಗೇ. 2021ರ ಏಪ್ರಿಲ್‌ನಲ್ಲಿ ತೂತ್ತುಕುಡಿಯಲ್ಲಿ ಪನಾಮಾದಿಂದ ಬಂದ ಮರದ ದಿಮ್ಮಿಗಳ ನಡುವೆ 300 ಕಿಲೋಗೂ ಜಾಸ್ತಿ. 2022ರ ಮೇನಲ್ಲಿ ಮುಂದ್ರಾದಲ್ಲಿ ಇರಾನಿನಿಂದ ಬಂದ ಉಪ್ಪಿನಲ್ಲಿ 52 ಕಿಲೋ. ಅದೇ ವರ್ಷ ಅಕ್ಟೋಬರ್‌ನಲ್ಲಿ ನವಾ ಶೇವಾದಲ್ಲಿ ದಕ್ಷಿಣ ಆಫ್ರಿಕಾದ ಹಣ್ಣಿನ ಪೆಟ್ಟಿಗೆಗಳಲ್ಲಿ 50 ಕಿಲೋ. 2024ರ ಅಕ್ಟೋಬರ್‌ನಲ್ಲಿ ದೆಹಲಿ ಮತ್ತು ಗುಜರಾತಿನ ಅಂಕಲೇಶ್ವರ ಸೇರಿ ಸುಮಾರು 1,300 ಕಿಲೋ ಹಿಡಿದರು. ನಮ್ಮ ಜಿಲ್ಲೆಯಲ್ಲಿ ಹೆಚ್ಚು ಕೇಳಿಬರುವುದು ಗಾಂಜಾ. ಹಾಗಂತ ಪಕ್ಕದ ಗೋವಾ ಬೇರೆ ಲೋಕ ಅಲ್ಲ, ಮಾಜಾಳಿ ದಾಟಿದರೆ ಆಯಿತು.

ಬಲೆಗೆ ಅಥವಾ ದಂಡೆಗೆ ಪ್ಲಾಸ್ಟಿಕ್ ಸುತ್ತಿದ ಪೊಟ್ಟಣ ಬಂದರೆ ಏನು ಮಾಡಬೇಕು?

ಬಿಚ್ಚಬೇಡಿ. ಮನೆಗೆ ತರಬೇಡಿ. 2023ರ ಆಗಸ್ಟ್‌ನಲ್ಲಿ ರತ್ನಾಗಿರಿ ಜಿಲ್ಲೆಯ ದಾಪೋಲಿ ಕಡೆಯ ದಂಡೆಗಳಿಗೆ ಚರಸ್ ಪೊಟ್ಟಣಗಳು ತೇಲಿ ಬಂದಿದ್ದವು. ಕಛ್‌ನಲ್ಲಿ ಇದು ಆಗಾಗ ಆಗುತ್ತದೆ. ನಮ್ಮ ದಂಡೆಗೆ ಬರುವುದಿಲ್ಲ ಅನ್ನಲು ಆಗದು. ಬೋಟಿನಲ್ಲಿ ಇದ್ದರೆ ತಾಂಡೇಲರಿಗೆ ಹೇಳಿ, ಜಾಗ ಮತ್ತು ಹೊತ್ತು ಬರೆದಿಟ್ಟುಕೊಳ್ಳಿ. ಕರಾವಳಿ ಕಾವಲು ಪೊಲೀಸರ ನಂಬರ್ 1093. ಕೋಸ್ಟ್ ಗಾರ್ಡ್ 1554. ಫೋನ್ ಮಾಡಿದ್ದಕ್ಕೆ ನಿಮ್ಮ ಮೇಲೇ ಕೇಸು ಬೀಳುತ್ತದೆ ಅನ್ನುವ ಹೆದರಿಕೆ ಮೀನುಗಾರರಲ್ಲಿ ಇದೆ. ಕೇಸು ಬೀಳುವುದು ಇಟ್ಟುಕೊಂಡವರ ಮೇಲೆ. ಆಗಲೇ ಹೇಳಿದ 1985ರ ಕಾಯ್ದೆಯ 54ನೇ ಕಲಮಿನ ಪ್ರಕಾರ ಮಾಲು ನಿಮ್ಮ ಹತ್ತಿರ ಸಿಕ್ಕಿ, ಅದಕ್ಕೆ ಸರಿಯಾದ ಉತ್ತರ ನೀವು ಕೊಡದಿದ್ದರೆ ತಪ್ಪು ನಿಮ್ಮದೇ ಎಂದು ಕೋರ್ಟ್ ಊಹಿಸಬಹುದು. ಹಾಗಾಗಿ ಬೇಗ ತಿಳಿಸಿದಷ್ಟೂ ಒಳ್ಳೆಯದು.

ಹೋಮ್‌ಸ್ಟೇಯಲ್ಲಿ ಅತಿಥಿಗಳು ರೂಮಿನಲ್ಲಿ ಏನು ಮಾಡುತ್ತಾರೋ ನಮಗೇನು ಗೊತ್ತು? ನಮಗೂ ಶಿಕ್ಷೆ ಆಗುತ್ತದಾ?

ಗೊತ್ತಿದ್ದೂ ಜಾಗ ಕೊಟ್ಟರೆ ಆಗುತ್ತದೆ, 25ನೇ ಕಲಮು. ಪ್ರತಿಯೊಬ್ಬರ ಗುರುತಿನ ಚೀಟಿ ಪಡೆದು ಪುಸ್ತಕದಲ್ಲಿ ಬರೆಯಿರಿ. ವಿದೇಶಿಯರ ಮಾಹಿತಿಯನ್ನು ಸರ್ಕಾರದ ವಿದೇಶಿಯರ ನೋಂದಣಿ ಕಚೇರಿಗೆ ನಿಗದಿತ ಫಾರ್ಮಿನಲ್ಲಿ ಕೊಡಿ. ಅನುಮಾನ ಬಂದರೆ ಕಣ್ಣು ಮುಚ್ಚಿಕೊಳ್ಳಬೇಡಿ, ರಾಷ್ಟ್ರೀಯ ಸಹಾಯವಾಣಿ 1933ಕ್ಕೆ ತಿಳಿಸಬಹುದು.

ದುಬೈಗೆ ಹೋಗುವಾಗ ಪರಿಚಯದವರು ಒಂದು ಡಬ್ಬಿ ಕೊಟ್ಟು, ಅಲ್ಲಿ ಒಬ್ಬರಿಗೆ ಕೊಡು ಅನ್ನುತ್ತಾರೆ. ಇಲ್ಲ ಅನ್ನಲು ಸಂಕೋಚ.

ಭಟ್ಕಳ, ಹೊನ್ನಾವರ ಕಡೆ ಇದು ದಿನದ ಮಾತು. ಹೆಚ್ಚಿನ ಡಬ್ಬಿಯಲ್ಲಿ ಉಪ್ಪಿನಕಾಯಿಯೋ ಹಲ್ವಾವೋ ಇರುತ್ತದೆ. ಆದರೆ ಕೊಟ್ಟವರ ಎದುರೇ ಬಿಚ್ಚಿ, ನೀವೇ ಮತ್ತೆ ಕಟ್ಟಿ. ಬಿಚ್ಚಬೇಡಿ ಅಂದರೆ ತೆಗೆದುಕೊಳ್ಳಬೇಡಿ. ಸೌದಿಯಲ್ಲಿ ಮಾದಕವಸ್ತು ಸಾಗಿಸಿದವರಿಗೆ ಮರಣದಂಡನೆ ಇದೆ. ಸಿಂಗಪುರದಲ್ಲಿ 30 ಗ್ರಾಂಗಿಂತ ಜಾಸ್ತಿ ಕೊಕೇನ್ ಸಾಗಿಸಿದರೆ ಗಲ್ಲು. ಸಂಕೋಚ ಒಂದು ನಿಮಿಷದ್ದು.

ವಿದೇಶದಿಂದ ಬರುವಾಗಲೂ ಇದೇ ಎಚ್ಚರ ಬೇಕು. ಪುಕ್ಕಟೆ ಟಿಕೆಟ್, ಕೆಲಸದ ಆಸೆ, ಆನ್‌ಲೈನ್ ಪ್ರೀತಿ ತೋರಿಸಿ ಸೂಟ್‌ಕೇಸ್ ಕೊಡುತ್ತಾರೆ. ಕ್ಯಾಪ್ಸೂಲ್ ನುಂಗಿಸಿ ಕಳಿಸುವುದೂ ಇದೆ. ಅದು ಹೊಟ್ಟೆಯಲ್ಲಿ ಒಡೆದರೆ ಬದುಕುವುದು ಕಷ್ಟ.

"ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ" ಅಂತ ವೀಡಿಯೊ ಕಾಲ್ ಬಂತು. ಪೊಲೀಸ್ ಡ್ರೆಸ್ಸಲ್ಲೇ ಇದ್ದರು.

ಮೋಸ. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಕಾಲ್ ಕತ್ತರಿಸಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

## ದೇಹ, ಚಿಕಿತ್ಸೆ, ಕಾನೂನು

ಪಾರ್ಟಿಯಲ್ಲಿ ಒಂದೇ ಸಲ ತಗೊಂಡರೆ ಏನಾಗುತ್ತದೆ?

ಏನೂ ಆಗದೇ ಇರಬಹುದು. ಮೊದಲ ಸಲವೇ ಹೃದಯ ನಿಲ್ಲಲೂಬಹುದು. ಕೊಕೇನ್ ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ, ಎದೆಬಡಿತ ಏರಿಸುತ್ತದೆ. 1999ರ ಅಮೆರಿಕದ ಅಧ್ಯಯನವೊಂದರ ಪ್ರಕಾರ ಸೇವಿಸಿದ ಮೊದಲ ಒಂದು ತಾಸಿನಲ್ಲಿ ಹೃದಯಾಘಾತದ ಅಪಾಯ ಸುಮಾರು 24 ಪಟ್ಟು. ವಯಸ್ಸು ಇಪ್ಪತ್ತು ಅಂತ ಬಿಡುವುದಿಲ್ಲ. ಮದ್ಯದ ಜೊತೆ ಸೇರಿದರೆ ಲಿವರಿನಲ್ಲಿ ಕೋಕಾಎಥಿಲೀನ್ ಎಂಬ ಇನ್ನೊಂದು ವಿಷ ಹುಟ್ಟುತ್ತದೆ. ಅದು ಹೃದಯಕ್ಕೆ ಇನ್ನೂ ಕೆಟ್ಟದ್ದು.

ಮೂಗಿನಲ್ಲಿ ಎಳೆದರೆ ಅಮಲು ಅರ್ಧ ತಾಸಿನೊಳಗೆ ಇಳಿಯುತ್ತದೆ. ಇಳಿದ ಕೂಡಲೇ ಮನಸ್ಸು ಕುಸಿಯುತ್ತದೆ. ಇನ್ನೊಂದು ಸಲ, ಮತ್ತೊಂದು ಸಲ ಅನ್ನುವುದು ಶುರುವಾಗುವುದು ಅಲ್ಲಿಂದ. ಯಾರಿಗಾದರೂ ಎದೆನೋವು, ಸೆಳವು, ವಿಪರೀತ ಮೈಬಿಸಿ ಬಂದರೆ 108ಕ್ಕೆ ಫೋನ್ ಮಾಡಿ. ಏನು ತೆಗೆದುಕೊಂಡಿದ್ದು ಅಂತ ಡಾಕ್ಟರಿಗೆ ಮುಚ್ಚಿಡಬೇಡಿ. ಕೊಡುವ ಔಷಧ ಅದರ ಮೇಲೆ ಬದಲಾಗುತ್ತದೆ.

ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಇದನ್ನು ತಗೊಳ್ಳುತ್ತಿದ್ದಾನೆ ಅನುಮಾನ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸ್ ಕೇಸ್ ಆಗುತ್ತದಾ?

ಅಮ್ಮಾ, ಈ ಹೆದರಿಕೆಗೇ ಎಷ್ಟೋ ಮನೆಯವರು ತಡಮಾಡುತ್ತಾರೆ. ಕಾಯ್ದೆಯ 64ಎ ಕಲಮು ಇರುವುದೇ ಇದಕ್ಕೆ. ವ್ಯಸನಕ್ಕೆ ಬಿದ್ದವರು ಸೇವನೆಗೆ ಅಥವಾ ಸಣ್ಣ ಪ್ರಮಾಣಕ್ಕೆ ಸಂಬಂಧಪಟ್ಟ ಕೇಸಿನಲ್ಲಿದ್ದರೂ, ತಾವಾಗಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ ಆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ.

ಕೊಕೇನ್ ಬಿಡಿಸುವ ಒಂದು ಮಾತ್ರೆ ಅಂತ ಇಲ್ಲ. ಮಾತಿನ ಚಿಕಿತ್ಸೆ, ಬಿಟ್ಟ ದಿನಗಳಿಗೆ ಪ್ರೋತ್ಸಾಹ ಕೊಡುವ ಪದ್ಧತಿ, ಜೊತೆಗಿರುವ ಖಿನ್ನತೆಗೆ ಔಷಧ, ಇವು ಕೆಲಸ ಮಾಡುತ್ತವೆ. ಬೆಂಗಳೂರಿನಲ್ಲೇ ಇದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. ಫೋನಿನಲ್ಲಿ ಮಾತಾಡಲು 14446. ಬೈದು, ಊರಿಗೆ ಎಳೆದು ತಂದು ಕೋಣೆಯಲ್ಲಿ ಕೂಡಿಹಾಕುವುದು ಮಾತ್ರ ಬೇಡ. ಮರಳಿ ಒಮ್ಮೆ ಜಾರಿದರೂ ಚಿಕಿತ್ಸೆ ಸೋತಿತು ಅಂತ ತಿಳಿಯಬೇಡಿ.

ಎಷ್ಟು ಗ್ರಾಂಗೆ ಎಷ್ಟು ಶಿಕ್ಷೆ?

ಕೊಕೇನ್‌ಗೆ 2 ಗ್ರಾಂವರೆಗೆ ಸಣ್ಣ ಪ್ರಮಾಣ. ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. 100 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಕನಿಷ್ಠ 10, ಗರಿಷ್ಠ 20 ವರ್ಷ, ಜೊತೆಗೆ ಕನಿಷ್ಠ ಒಂದು ಲಕ್ಷ ದಂಡ. ಜಾಮೀನು ತುಂಬಾ ಕಷ್ಟ. ನಡುವಿನದಕ್ಕೆ 10 ವರ್ಷದವರೆಗೆ. ಕಲಬೆರಕೆ ಸೇರಿಸಿಯೇ ತೂಕ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮೈ ತಪಾಸಣೆ ಮಾಡುವಾಗ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಆಗಲಿ ಎಂದು ಕೇಳುವ ಹಕ್ಕು 50ನೇ ಕಲಮಿನಲ್ಲಿ ಇದೆ.

## ಇನ್ನೂ ಆಳಕ್ಕೆ ಹೋಗುವವರು ಕೇಳುವುದು

ಗಿಡವನ್ನೇ ನಾಶ ಮಾಡಿದರೆ ಆಗಲ್ವಾ?

ಮಾಡಿ ನೋಡಿದ್ದಾರೆ. 1990ರ ದಶಕದಲ್ಲಿ ಪೆರು, ಬೊಲಿವಿಯಾದಲ್ಲಿ ಒತ್ತಡ ಹಾಕಿದರು, ಬೆಳೆ ಕೊಲಂಬಿಯಾಕ್ಕೆ ಸರಿಯಿತು. 2000ದಲ್ಲಿ ಶುರುವಾದ ಪ್ಲಾನ್ ಕೊಲಂಬಿಯಾ ಎಂಬ ಮಾದಕವಸ್ತು ತಡೆ ಯೋಜನೆಗೆ ಅಮೆರಿಕ ಸುಮಾರು 10 ಬಿಲಿಯನ್ ಡಾಲರ್ ಸುರಿಯಿತು. ವಿಮಾನದಿಂದ ಗ್ಲೈಫೋಸೇಟ್ ಎಂಬ ಕಳೆನಾಶಕ ಸಿಂಪಡಿಸಿದರು. ಪಕ್ಕದ ಬಾಳೆ, ಮರಗೆಣಸೂ ಸತ್ತವು. ಕೊಲಂಬಿಯಾದಲ್ಲಿ 2013ಕ್ಕೆ ಕೋಕಾ 48,000 ಹೆಕ್ಟೇರಿಗೆ ಇಳಿದದ್ದು ನಿಜ. ಹತ್ತು ವರ್ಷದಲ್ಲಿ ಅದು ಐದು ಪಟ್ಟು ಆಯಿತು. ಸಿಂಪಡಣೆ 2015ರಲ್ಲಿ ನಿಂತಿತು.

2016ರಲ್ಲಿ ಫಾರ್ಕ್ ಬಂಡುಕೋರರ ಜೊತೆ ಶಾಂತಿ ಒಪ್ಪಂದ ಆಯಿತು. ಆಮೇಲೆ ಸುಮಾರು 99 ಸಾವಿರ ಕುಟುಂಬಗಳು ಕೋಕಾ ಬಿಡುವ ಯೋಜನೆಗೆ ಸಹಿ ಹಾಕಿದವು. ತಾವೇ ಗಿಡ ಕಿತ್ತವರು ಬಹಳ. ಆದರೆ ಬರಬೇಕಾದ ಹಣ, ಸಸಿ, ರಸ್ತೆ ತಡವಾಯಿತು. ಫಾರ್ಕ್ ಬಿಟ್ಟ ಜಾಗಕ್ಕೆ ಬೇರೆ ಗುಂಪುಗಳು ಬಂದವು. ರೈತನ ಮಾತನ್ನು ರೈತ ಉಳಿಸಿಕೊಂಡ, ಸರ್ಕಾರ ಉಳಿಸಿಕೊಳ್ಳಲಿಲ್ಲ ಅಂತಲೇ ನಾನು ಹೇಳುತ್ತೇನೆ.

ಬೊಲಿವಿಯಾ ಬೇರೆ ದಾರಿ ಹಿಡಿಯಿತಂತೆ, ಹೌದಾ?

ಹೌದು, ಅದರಿಂದ ಕಲಿಯುವುದಿದೆ. ಕೋಕಾ ಬೆಳೆಗಾರರ ಸಂಘದ ಮುಖಂಡ ಇವೊ ಮೊರಾಲಿಸ್ 2006ರಲ್ಲಿ ಅಧ್ಯಕ್ಷರಾದರು. ಪ್ರತಿ ಕುಟುಂಬಕ್ಕೆ ಒಂದು ಕಾಟೊ, ಅಂದರೆ ಚಪಾರೆಯಲ್ಲಿ 1,600 ಚದರ ಮೀಟರ್ ಬೆಳೆಯಲು ಬಿಟ್ಟರು. ಜಾಸ್ತಿ ಬೆಳೆದರೆ ಸಂಘವೇ ತಡೆಯುತ್ತದೆ. ಸೈನಿಕರು ಹೊಲಕ್ಕೆ ನುಗ್ಗುವುದು, ಸಾವು ನೋವು ತುಂಬಾ ಕಡಿಮೆಯಾಯಿತು. ಎಲೆ ಜಗಿಯುವ ಹಕ್ಕಿಗಾಗಿ ದೇಶ 1961ರ ಒಪ್ಪಂದದಿಂದಲೇ ಹೊರಬಂದು, 2013ರಲ್ಲಿ ಆ ಒಂದು ವಿಷಯಕ್ಕೆ ವಿನಾಯಿತಿ ಪಡೆದು ಮತ್ತೆ ಸೇರಿತು. 2017ರ ಕಾನೂನಿನಲ್ಲಿ 22,000 ಹೆಕ್ಟೇರ್ ಕಾನೂನುಬದ್ಧ. ಅಲ್ಲಿ ಬೆಳೆದ ಎಲೆಯೂ ಕಳ್ಳಪೇಟೆಗೆ ಸೋರುತ್ತದೆ. ಹಾಗಿದ್ದರೂ ರೈತನನ್ನು ಶತ್ರು ಮಾಡದೆ ನಡೆಸಬಹುದು ಅಂತ ತೋರಿಸಿದ್ದು ಅವರೇ.

ಇಷ್ಟು ಟನ್ ಹಿಡಿದರೂ ಯಾಕೆ ಕಡಿಮೆ ಆಗುತ್ತಿಲ್ಲ?

2023ರಲ್ಲಿ ಜಗತ್ತಿನಲ್ಲಿ ಹಿಡಿದದ್ದು 2,275 ಟನ್. ಅದರಲ್ಲಿ ಕಲಬೆರಕೆಯೂ ಇರುವುದರಿಂದ ಶುದ್ಧ ಮಾಲಿನ ಲೆಕ್ಕಕ್ಕೆ ನೇರ ಹೋಲಿಸಲು ಬರುವುದಿಲ್ಲ. ತಯಾರಿಕೆಯ ಖರ್ಚು ಬೆಲೆಯ ಸಣ್ಣ ಪಾಲು. ನಾಲ್ಕು ಸಾಗಣೆಯಲ್ಲಿ ಒಂದು ತಲುಪಿದರೂ ಲಾಭವೇ. ಬೆಲ್ಜಿಯಂನ ಆ್ಯಂಟ್‌ವರ್ಪ್ ಬಂದರಿನಲ್ಲಿ 2023ರಲ್ಲಿ 116 ಟನ್ ಸಿಕ್ಕಿತ್ತು, 2024ರಲ್ಲಿ 44 ಟನ್. ಮಾಲು ಕಡಿಮೆಯಾಯಿತು ಅಂತಲ್ಲ. ಸಣ್ಣ ಬಂದರುಗಳಿಗೆ, ನಡು ಸಮುದ್ರದಲ್ಲಿ ಇಳಿಸುವ ದಾರಿಗೆ ಹೊರಳಿದರು.

ಹಾಗಾದರೆ ಕಾನೂನುಬದ್ಧ ಮಾಡಿಬಿಡುವುದು ಒಳ್ಳೆಯದಲ್ವಾ?

ಗುಂಪುಗಳ ಲಾಭ ಮುರಿಯುತ್ತದೆ ಎಂದು ಹೇಳುವವರಿದ್ದಾರೆ. ಅವರ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಪುಡಿ ಅಂಗಡಿಯಲ್ಲಿ ಸಿಗುವ ದಿನ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮದ್ಯದಿಂದ ನಮ್ಮ ಮನೆಗಳಲ್ಲಿ ಆಗಿದ್ದು ಸಾಕು. ಸೇವಿಸುವವನನ್ನು ಜೈಲಿಗೆ ಹಾಕುವುದನ್ನು ಮಾತ್ರ ನಿಲ್ಲಿಸಬೇಕು. ಪೋರ್ಚುಗಲ್ 2001ರಿಂದ ಸ್ವಂತ ಬಳಕೆಯ ಸಣ್ಣ ಪ್ರಮಾಣಕ್ಕೆ ಕ್ರಿಮಿನಲ್ ಕೇಸ್ ಹಾಕುವುದಿಲ್ಲ. ಸಿಕ್ಕವರನ್ನು ವೈದ್ಯರು, ಸಮಾಜ ಕಾರ್ಯಕರ್ತರು ಇರುವ ಸಮಿತಿಗೆ ಕಳಿಸುತ್ತದೆ. ಮಾರುವುದು ಅಲ್ಲಿ ಈಗಲೂ ಅಪರಾಧವೇ.

ಕೊನೆಗೆ ಆ ಹಣವೆಲ್ಲ ಎಲ್ಲಿ ಹೋಗುತ್ತದೆ?

ಬ್ಯಾಂಕಿಗೆ. ನಗದನ್ನು ಅಂಗಡಿ, ಹೋಟೆಲು, ಕಟ್ಟಡ, ಆಮದು ರಫ್ತಿನ ಬಿಲ್ಲುಗಳ ಮೂಲಕ ಬಿಳಿ ಮಾಡುತ್ತಾರೆ. 2012ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕ್ ಅಮೆರಿಕ ಸರ್ಕಾರಕ್ಕೆ 1.9 ಬಿಲಿಯನ್ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಮೆಕ್ಸಿಕೋ ಮತ್ತು ಕೊಲಂಬಿಯಾದ ಗುಂಪುಗಳ ಕನಿಷ್ಠ 881 ಮಿಲಿಯನ್ ಡಾಲರ್ ಅದರ ಮೂಲಕ ಹಾದುಹೋಗಿತ್ತು. ಬ್ಯಾಂಕಿನ ಅಧಿಕಾರಿಗಳ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ. 2024ರಲ್ಲಿ ಟಿಡಿ ಬ್ಯಾಂಕ್ ಹಣ ಬಿಳಿ ಮಾಡಲು ಬಿಟ್ಟ ತಪ್ಪನ್ನು ಒಪ್ಪಿಕೊಂಡು ಸುಮಾರು 3 ಬಿಲಿಯನ್ ಡಾಲರ್ ಕಟ್ಟಿತು.

ಈ ಹಣ ತೊಳೆಯುವ ಕೆಲಸಕ್ಕೂ ಕೆಳಗಿನವರು ಬೇಕು. ನಮ್ಮ ಕಾಲೇಜು ಹುಡುಗರಿಗೆ ತಿಂಗಳಿಗೆ ಕೆಲವು ಸಾವಿರ ಕೊಡುತ್ತೇವೆ, ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು ಎಂದು ಕೇಳುವವರು ಇದ್ದಾರೆ. ಡ್ರಗ್ಸ್ ಹಣವೋ ಸೈಬರ್ ಮೋಸದ ಹಣವೋ, ಪೊಲೀಸರು ಮೊದಲು ಬರುವುದು ಖಾತೆಯ ಹೆಸರಿನವನ ಮನೆಗೆ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಖಾತೆ ನಿಲ್ಲಿಸಲು ಬರಹದಲ್ಲಿ ಕೊಡಿ, ಸ್ವೀಕೃತಿಯ ಸಹಿ ಪಡೆದುಕೊಳ್ಳಿ, ಆಮೇಲೆ 1930ಕ್ಕೆ ದೂರು ದಾಖಲಿಸಿ.